ಸ್ಟಿಯರಿಂಗ್ ಬಾಕ್ಸ್ ಜೋಡಣೆಯಲ್ಲಿ ಉಳಿತಾಯ ಬೇಡ

ಬಂಡಿ ಕಟ್ಟುವ ಮುನ್ನ ಕಡಾಣಿ ನೋಡದ ರೈತನಿಲ್ಲ. ಅದೇ ರೈತ ಟ್ರ್ಯಾಕ್ಟರ್ ಏರುವಾಗ ಸ್ಟಿಯರಿಂಗ್ ಬಾಕ್ಸಿನ ಬೋಲ್ಟುಗಳತ್ತ ಕಣ್ಣು ಹಾಯಿಸುವುದು ಅಪರೂಪ. ಹರಪನಹಳ್ಳಿ, ಹಡಗಲಿಯ ಮೆಕ್ಕೆಜೋಳ, ಕೂಡ್ಲಿಗಿಯ ಶೇಂಗಾ ಪೇಟೆ ಸೇರುವುದು ಈ ಬೋಲ್ಟುಗಳನ್ನು ನಂಬಿಯೇ. ಟ್ರೇಲರ್ ಇರುವುದು ಸರಕಿಗೆ, ಜನರಿಗಲ್ಲ. ಆದರೂ ಮೈಲಾರದ ಕಾರಣಿಕಕ್ಕೆ, ಕೊಟ್ಟೂರಿನ ತೇರಿಗೆ ಮನೆಮಂದಿಯೆಲ್ಲ ಅದರಲ್ಲೇ ಹೊರಡುತ್ತಾರೆ.

ಹಳೆಯ ಟ್ರ್ಯಾಕ್ಟರಿನಲ್ಲಿ ಸ್ಟಿಯರಿಂಗ್ ಸಡಿಲಾದರೆ ಮೊದಲು ಟೈ ರಾಡಿನ ಜಾಯಿಂಟು, ಮುಂಗಾಲಿಯ ಬೇರಿಂಗು ನೋಡಿರಿ. ದೋಷ ಅಲ್ಲಿದ್ದರೆ ಬಾಕ್ಸ್ ಬದಲಿಸುವುದು ದಂಡ. ಬಾಕ್ಸೇ ಸವೆದಿದ್ದರೆ ಅದೇ ಮಾದರಿಯ ಬಾಕ್ಸನ್ನೇ ಹಾಕಿಸಬೇಕು. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಮಾದರಿಯದನ್ನು ತಂದರೆ, ಒಳಗಿನ ತಿರುಪು ವಿರುದ್ಧವಾಗಿದ್ದು, ಎಡಕ್ಕೆ ತಿರುಗಿಸಿದಾಗ ಗಾಡಿ ಬಲಕ್ಕೆ ಹೋಗುವುದೂ ಉಂಟು.

ತೂತು ಕೂಡಲಿಲ್ಲವೆಂದು ಗ್ಯಾಸಿನಿಂದ ಸುಟ್ಟು ಹಿಗ್ಗಿಸುವುದಾಗಲಿ, ಬಾಕ್ಸಿಗೆ ವೆಲ್ಡಿಂಗ್ ಹಾಕುವುದಾಗಲಿ ಕೂಡದು. ಎರಕದ ಕಬ್ಬಿಣ ಆ ಕಾವಿಗೆ ಬಿರುಕು ಬಿಡುತ್ತದೆ. ಬಿರುಕು ಕಣ್ಣಿಗೆ ಬೀಳುವುದು ಭಾರ ಹೊತ್ತ ದಿನವೇ.

ಡ್ರಾಪ್ ಆರ್ಮ್ ಎಂಬ ತೋಳನ್ನು ಕೂಡಿಸುವ ಮುನ್ನ ಸ್ಟಿಯರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ತಿರುಗಿಸಿ ಸುತ್ತು ಎಣಿಸಿರಿ; ಅದರ ಅರ್ಧದಷ್ಟು ಹಿಂದಕ್ಕೆ ತಂದರೆ ಅದೇ ನಡುಮಧ್ಯ. ಮುಂಗಾಲಿಗಳು ನೇರವಾಗಿರಲಿ. ಬಳಿಕ ತೋಳಿನ ಗುರುತನ್ನೂ ಶಾಫ್ಟಿನ ಗುರುತನ್ನೂ ಕೂಡಿಸಿ ನಟ್ ಬಿಗಿಯಬೇಕು. ಇದು ತಪ್ಪಿದರೆ ಗಾಡಿ ಒಂದು ಕಡೆ ಪೂರ್ತಿ ತಿರುಗದು.

ಬೋಲ್ಟುಗಳನ್ನು ಒಂದಕ್ಕೊಂದು ಎದುರಾಗಿ, ಹಂತಹಂತವಾಗಿ, ಕಂಪನಿಯ ಪುಸ್ತಕ ಹೇಳಿದಷ್ಟೇ ಬಿಗಿಯಬೇಕು. ಇದಕ್ಕೆ ಟಾರ್ಕ್ ಸ್ಪ್ಯಾನರ್ ಬೇಕು. ಕೈ ಅಂದಾಜು ಸಾಲದು. ವಾಷರ್, ಸ್ಪ್ಲಿಟ್ ಪಿನ್ನು ಹೊಸದಿರಲಿ. ಎಣ್ಣೆ ತುಂಬಿಸಿ, ಟ್ರೇಲರ್ ಇಲ್ಲದೆ ಹೊಲದಲ್ಲಿ ಓಡಿಸಿ ನೋಡಿರಿ. ಮೊದಲ ದಿನದ ಕೆಲಸ ಮುಗಿದ ಮೇಲೆ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸುವುದು ಅವಶ್ಯ. ಇದೆಲ್ಲ ಸಾದಾ ಸ್ಟಿಯರಿಂಗಿನ ಮಾತು. ಪವರ್ ಸ್ಟಿಯರಿಂಗನ್ನು ಕಂಪನಿಯ ಕಾರ್ಯಾಗಾರಕ್ಕೇ ಒಯ್ಯಿರಿ.

ಮೇಸ್ತ್ರಿಗಳನ್ನು ದೂರಿ ಫಲವಿಲ್ಲ. ಬಿತ್ತನೆಯ ಹದ ಆರುವ ಮುನ್ನ ಗಾಡಿ ಬೇಕೆಂದು ಅವಸರಪಡಿಸುವವರು ನಾವೇ. ಈ ರಿಪೇರಿಗೆ ಬೇಸಿಗೆಯೇ ತಕ್ಕ ಕಾಲ. ಹೋಬಳಿಯ ರೈತ ಸಂಪರ್ಕ ಕೇಂದ್ರಗಳಲ್ಲಿ ಮುಂಗಾರಿಗೆ ಮುನ್ನ ಒಂದು ದಿನ ಟ್ರ್ಯಾಕ್ಟರ್ ತಪಾಸಣೆ ನಡೆಯಬೇಕು, ಊರಿನ ಸಹಕಾರ ಸಂಘ ಒಂದು ಟಾರ್ಕ್ ಸ್ಪ್ಯಾನರ್ ಕೊಂಡು ಎರವಲು ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಬೀಜ ಗೊಬ್ಬರದ ಬಗ್ಗೆ ಕೇಳುವ ರೈತ ಬಾಂಧವರು ಇದನ್ನೂ ಕೇಳಿ ಪಡೆಯಲಿ.