ಸೂತಕ ಬಿಟ್ಟವರಿಗೆ ಸಾವಿನ ಅಂಜಿಕೆಯೇಕೆ?



ಪಂಚಸೂತಕಗಳನ್ನು ತೊರೆದ ಧರ್ಮ ನಮ್ಮದು. ಸಾವನ್ನು ಲಿಂಗೈಕ್ಯವೆಂದು ಕರೆದು, ಪ್ರೇತಸೂತಕವಿಲ್ಲವೆಂದು ಸಾರಿದವರು ನಾವು. ಆದರೆ ರಾಯಚೂರಿನ ಆಸ್ಪತ್ರೆಗಳಲ್ಲಿ ಐಸಿಯು ಬಾಗಿಲಿಗೆ ಕುಳಿತ ನಮ್ಮವರ ಬಾಯಲ್ಲಿ ನಾನು ಮತ್ತೆ ಮತ್ತೆ ಕೇಳುವ ಮಾತು ಒಂದೇ: "ವೆಂಟಿಲೇಟರ್ ತೆಗೆಸಿದರ ಮಂದಿ ಏನಂತಾರ?" ದೇವದುರ್ಗದಿಂದ, ಮಾನ್ವಿಯಿಂದ ಹೊಲ ಗದ್ದೆ ಒತ್ತೆಯಿಟ್ಟು ಬಂದವರು ಅವರು. ಇನ್ನು ಆಸೆಯಿಲ್ಲವೆಂದು ವೈದ್ಯರೇ ಹೇಳಿದ ಮೇಲೂ ಯಂತ್ರ ನಡೆಯುತ್ತಲೇ ಇರುತ್ತದೆ. ಅದನ್ನು ನಡೆಸುವುದು ಮಂದಿಯ ಬಾಯಿಯ ಭಯ.

ಇದನ್ನು ಕೊಲೆ ಎನ್ನುವವರಿಗೆ ಒಂದು ಮಾತು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್, ಘನತೆಯಿಂದ ಸಾಯುವ ಹಕ್ಕು ಬದುಕುವ ಹಕ್ಕಿನಲ್ಲೇ ಸೇರಿದೆ ಎಂದಿತು. 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಅದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಈ ಹಕ್ಕಿಗಾಗಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ವರ್ಷಗಟ್ಟಲೆ ಹೋರಾಡಿದ್ದಾರೆ. ಇಲ್ಲಿ ವಿಷದ ಸೂಜಿಯಿಲ್ಲ. ಗುಣ ಮಾಡಲಾರದ ಚಿಕಿತ್ಸೆ ನಿಲ್ಲುತ್ತದೆ, ನೋವು ತಗ್ಗಿಸುವ ಆರೈಕೆ ಮುಂದುವರಿಯುತ್ತದೆ. ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮನೆಯವರು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

"ಆಸ್ತಿಯ ಆಸೆಗೆ ಮಕ್ಕಳು ಅಪ್ಪ ಅವ್ವನನ್ನು ಕೈಬಿಟ್ಟಾರು" ಎನ್ನುವವರ ಅಂಜಿಕೆ ಸುಳ್ಳಲ್ಲ. ಹಾಗೆಂದೇ ಎರಡು ಮಂಡಳಿಗಳು ಬೇಕು. ಈಗ ನಡೆಯುತ್ತಿರುವುದನ್ನು ನೋಡಿ: ದುಡ್ಡು ಮುಗಿದ ದಿನ ಕಾಗದಕ್ಕೆ ಸಹಿ ಹಾಕಿ ರೋಗಿಯನ್ನು ಊರಿಗೆ ಒಯ್ಯುತ್ತಾರೆ. ಉಳಿಯಬಹುದಾಗಿದ್ದ ಜೀವವೂ ಹಾಗೆಯೇ ಹೋಗುತ್ತದೆ. ಅಲ್ಲಿ ಯಾವ ಮಂಡಳಿಯೂ ಕೂಡುವುದಿಲ್ಲ, ಜೇಬು ತೀರ್ಪು ಕೊಡುತ್ತದೆ. ಆಗ ಸುಮ್ಮನಿರುವ ನಾವು, ಕಾನೂನಿನ ಕ್ರಮ ಬಂದಾಗ ಮಾತ್ರ ಧರ್ಮದ ಮಾತಾಡುವುದು ಯಾವ ನ್ಯಾಯ?

ಮಠಗಳಿಗೆ ನನ್ನ ಬೇಡಿಕೆ ಎರಡು. ಗುಣವಾಗಬಲ್ಲ ಬಡವರ ಚಿಕಿತ್ಸೆಗೆ ದಾಸೋಹದ ಒಂದು ಪಾಲು ಮೀಸಲಾಗಲಿ. ತಿಂಗಳ ಅನುಭಾವ ಗೋಷ್ಠಿಯಲ್ಲಿ ಒಂದು ದಿನ ನೋಟರಿಯನ್ನು ಕರೆಸಿರಿ. ಬುದ್ಧಿ ನೆಟ್ಟಗಿರುವಾಗಲೇ, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಮಾತಾಡುವ ಆಪ್ತರು ಯಾರು ಎಂಬುದನ್ನು ವಯಸ್ಕರು ಯಾರೂ ಇಬ್ಬರು ಸಾಕ್ಷಿಗಳ ಮುಂದೆ ಬರೆದಿಡಬಹುದು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಿದರೆ ಸಾಕು. ಮನಸ್ಸು ಬದಲಾದರೆ ಅದನ್ನು ಹಿಂಪಡೆಯಲೂಬಹುದು.

ಪೂಜ್ಯರು ಮೊದಲು ತಮ್ಮದನ್ನು ಬರೆಯಲಿ. ಭಕ್ತರ ಅಂಜಿಕೆ ತಾನೇ ಬಿಡುತ್ತದೆ.