ತೀರ್ಪುಗಾರನ ಹಂಗು

ಕಾಲ್ಚೆಂಡಾಟದಲ್ಲಿ ಗೋಲು ಹೊಡೆದವನ ಹೆಸರು ಎಲ್ಲರಿಗೂ ನೆನಪಿರುತ್ತದೆ. ಆಟ ನಡೆಸಿಕೊಟ್ಟ ರೆಫರಿಯ ಹೆಸರು ಯಾರಿಗೂ ಬೇಡ. ಆದರೂ 2002ರ ಜೂನ್ 30ರಂದು ಯೋಕೊಹಾಮಾದಲ್ಲಿ ಬ್ರೆಜಿಲ್ ಮತ್ತು ಜರ್ಮನಿಗಳ ನಡುವೆ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಟಿ.ವಿ.ಯಲ್ಲಿ ಕಂಡವರು, ಬೋಳುತಲೆಯ, ತೀಕ್ಷ್ಣ ಕಣ್ಣುಗಳ ಆ ಇಟಲಿಯ ತೀರ್ಪುಗಾರರನ್ನು ಮರೆತಿರಲಾರರು. ಅವರೇ ಪಿಯೆರ್ಲುಯಿಜಿ ಕೊಲಿನಾ. ಅಂದು ಅವರಿಗೆ 42 ವರ್ಷ. ಒಂದು ಪಂದ್ಯದಲ್ಲಿ ರೆಫರಿಯಾದವನು ಸುಮಾರು ಹತ್ತು ಕಿಲೋಮೀಟರು ಓಡಬೇಕಾಗುತ್ತದೆ. ಅದೇ ವಯಸ್ಸಿನ ನಾವು ದಾದರ್ ನಿಲ್ದಾಣದ ಸೇತುವೆ ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತೇವೆ!

1960ರಲ್ಲಿ ಬೊಲೊನ್ಯದಲ್ಲಿ ಜನಿಸಿದ ಕೊಲಿನಾ ಅಲ್ಲಿಯ ವಿಶ್ವವಿದ್ಯಾಲಯದಿಂದ ಅರ್ಥಶಾಸ್ತ್ರದ ಪದವಿ ಪಡೆದರು. ಹಣಕಾಸಿನ ಸಲಹೆಗಾರಿಕೆ ಅವರ ವೃತ್ತಿಯಾಯಿತು. ರೆಫರಿಯ ತರಬೇತಿಗೆ ಸೇರಿದ್ದು 1977ರಲ್ಲಿ. ಇಪ್ಪತ್ತನಾಲ್ಕರ ಪ್ರಾಯದಲ್ಲಿ ತಲೆಗೂದಲು, ಹುಬ್ಬು, ರೆಪ್ಪೆಗೂದಲು ಎಲ್ಲವೂ ಉದುರಿದವು. ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲಿನ ಬುಡದ ಮೇಲೆ ಎರಗುವ ಈ ವ್ಯಾಧಿ ಅಂಟುರೋಗವಲ್ಲ, ಪ್ರಾಣಾಪಾಯದ್ದೂ ಅಲ್ಲ. ಆದರೆ ಸಾವಿರಾರು ಜನರೆದುರು ನಿಲ್ಲಬೇಕಾದ ತರುಣನಿಗೆ ಅದು ಸಣ್ಣ ಪೆಟ್ಟೇನಲ್ಲ. ಅವರು ಮೈದಾನ ಬಿಡಲಿಲ್ಲ. 1995ರಲ್ಲಿ ಅಂತರರಾಷ್ಟ್ರೀಯ ರೆಫರಿಯಾದರು. ಮರುವರ್ಷವೇ ಅಟ್ಲಾಂಟಾ ಒಲಿಂಪಿಕ್ಸಿನ ಅಂತಿಮ ಪಂದ್ಯ, 1999ರಲ್ಲಿ ಬಾರ್ಸಿಲೋನಾದ ಚಾಂಪಿಯನ್ಸ್ ಲೀಗ್ ಅಂತಿಮ ಪಂದ್ಯ. 2000ದ ಮೇ ತಿಂಗಳಲ್ಲಿ ಪೆರೂಜದಲ್ಲಿ ಧಾರಾಕಾರ ಮಳೆ ಸುರಿದಾಗ ಒಂದು ಗಂಟೆಗೂ ಮಿಗಿಲಾಗಿ ಕಾದು, ಮೈದಾನವನ್ನು ತಾವೇ ಪರೀಕ್ಷಿಸಿ ಆಟ ಮುಂದುವರಿಸಿದರು. ಆ ಪಂದ್ಯದಲ್ಲಿ ಯುವೆಂಟಸ್ ಸೋತು, ರಾಷ್ಟ್ರೀಯ ಪ್ರಶಸ್ತಿ ಲಾತ್ಸಿಯೊ ತಂಡದ ಪಾಲಾಯಿತು. ಬೈಗುಳ ಕೇಳಬೇಕಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಇಂಥವರ ವೃತ್ತಿಜೀವನ ಮುಗಿದ ರೀತಿಯೇ ನನ್ನನ್ನು ಕಾಡುವುದು. 2005ರಲ್ಲಿ 45 ತುಂಬಿದಾಗ ಅಂದಿನ ನಿಯಮದಂತೆ ಅಂತರರಾಷ್ಟ್ರೀಯ ಪಂದ್ಯಗಳಿಂದ ನಿವೃತ್ತರಾದರು. ಇಟಲಿಯ ಸಂಘವಾದರೋ ಇನ್ನೊಂದು ವರ್ಷ ಅವರನ್ನು ಉಳಿಸಿಕೊಳ್ಳಲೆಂದೇ ವಯೋಮಿತಿ ಹೆಚ್ಚಿಸಿತು. ಅಷ್ಟರಲ್ಲಿ ಅವರು ಓಪೆಲ್ ಮೋಟಾರು ಕಂಪನಿಯ ಜಾಹೀರಾತಿಗೆ ಒಪ್ಪಂದ ಮಾಡಿಕೊಂಡರು. ಮಿಲಾನ್ ತಂಡದ ಪ್ರಾಯೋಜಕರೂ ಅದೇ ಕಂಪನಿಯವರು! ಸಂಘ ಆಕ್ಷೇಪಿಸಿತು, ಆಗಸ್ಟ್ ತಿಂಗಳಲ್ಲಿ ಕೊಲಿನಾ ರಾಜೀನಾಮೆಯಿತ್ತರು.

ಅವರ ಪ್ರಾಮಾಣಿಕತೆಯನ್ನು ಶಂಕಿಸಬಾರದಿತ್ತೆಂದು ಅಭಿಮಾನಿಗಳು ವಾದಿಸಬಹುದು. ನಾನು ಒಪ್ಪಲಾರೆ. ಪ್ರಶ್ನೆ ಪ್ರಾಮಾಣಿಕತೆಯದಲ್ಲ, ಸೋತ ತಂಡದವನು ಮನೆಗೆ ಮರಳುವಾಗ ಅವನ ಮನಸ್ಸಿನಲ್ಲಿ ಏನು ಉಳಿಯುತ್ತದೆಂಬುದು. ಹಣಕಾಸು ಬಲ್ಲ ಕೊಲಿನಾ ಅವರಿಗೆ ಇದು ಹೊಳೆಯದೆ ಹೋದುದೇ ಆಶ್ಚರ್ಯ. ಕೆಲವು ವರ್ಷಗಳ ಹಿಂದೆ ನನ್ನ ಭಾವನವರ ಸಾಲದ ಅರ್ಜಿ ನನ್ನ ಮೇಜಿಗೇ ಬಂದಿತ್ತು. ಸಂಬಂಧವನ್ನು ಬರೆದು ತಿಳಿಸಿ ಕಡತವನ್ನು ಮೇಲಧಿಕಾರಿಗಳಿಗೆ ಒಪ್ಪಿಸಿದೆ. ಸಾಲವೇನೋ ಮಂಜೂರಾಯಿತು, ತುಸು ತಡವಾಗಿ. ಅಕ್ಕ ಮಾತ್ರ ಆ ವರ್ಷ ಗೌರಿಹಬ್ಬಕ್ಕೆ ನಮ್ಮ ಮನೆಗೆ ಬರಲಿಲ್ಲ.