ಆಸಕ್ತಿ ಇಲ್ಲವೋ, ಅರ್ಥ ಆಗಿಲ್ಲವೋ?

ಸಿಇಟಿ ಫಲಿತಾಂಶ ಬಂದ ದಿನದಿಂದ ಆಪ್ಷನ್ ಎಂಟ್ರಿ ಮುಗಿಯುವ ತನಕ ಶಿವಮೊಗ್ಗದ ಮನೆಗಳಲ್ಲಿ ಒಂದೇ ಪ್ರಶ್ನೆ: "ಯಾವ ಬ್ರ್ಯಾಂಚ್?" ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಇದೇ, ಗೋಪಿ ಸರ್ಕಲ್‌ನಲ್ಲಿ ಅಪ್ಪನ ಸ್ನೇಹಿತರು ಸಿಕ್ಕರೂ ಇದೇ. ಉತ್ತರವನ್ನೂ ಕೇಳಿದವರೇ ಕೊಟ್ಟುಬಿಡ್ತಾರೆ: "ಸಿಎಸ್ ಸಿಕ್ಕರೆ ಸಿಎಸ್, ಇಲ್ಲಾಂದ್ರೆ ಐಎಸ್, ಅದೂ ಇಲ್ಲಾಂದ್ರೆ ಎಐ ಅಂತ ಏನೋ ಬಂದಿದೆಯಲ್ಲ, ಅದು." ಕಾಲೇಜಿಗೆ ಬಂದ ಮೇಲೆ ಇಂಡಕ್ಷನ್ ಕಾರ್ಯಕ್ರಮದ ಅತಿಥಿಗಳು ಮೈಕ್ ಹಿಡಿದು ಹೇಳೋದು ಇದಕ್ಕೆ ಪೂರ್ತಿ ಉಲ್ಟಾ: "ನಿಮ್ಮ ಪ್ಯಾಶನ್ ಯಾವುದು ಅಂತ ಮೊದಲು ಕಂಡುಕೊಳ್ಳಿ." ಸೀಟು ತಗೊಂಡು, ಫೀಸು ಕಟ್ಟಿ ಆದ ಮೇಲೆ!

ನಮಗೆ ಈ ಎರಡೂ ಮಾತು ಒಪ್ಪಿಗೆ ಇಲ್ಲ. ಮೊದಲನೆಯದರ ಬಗ್ಗೆ ಎಲ್ಲರೂ ಬರೀತಾರೆ, ಪಾಲಕರನ್ನು ಬೈಯೋದು ಸುಲಭ. ಎರಡನೆಯದು ಹೆಚ್ಚು ಅಪಾಯ ಅಂತ ನಮ್ಮ ಅಭಿಪ್ರಾಯ. ಪಿಯುಸಿ ಮುಗಿಸಿದ ಹುಡುಗ ಅಥವಾ ಹುಡುಗಿ ಅಲ್ಲಿಯವರೆಗೆ ನೋಡಿರೋದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. ವಿಷಯಕ್ಕೆ 60ರಂತೆ 180 ಅಂಕದ ಸಿಇಟಿ ಪತ್ರಿಕೆ. ಲೇತ್ ಮುಟ್ಟಿಲ್ಲ, ಸರ್ವೇ ಮಾಡೋರ ಜತೆ ಬಿಸಿಲಲ್ಲಿ ನಿಂತಿಲ್ಲ, ಹತ್ತು ಸಾಲಿನ ಪ್ರೋಗ್ರಾಮ್ ಬರೆದು ಅದು ಓಡದೆ ತಲೆ ಕೆರೆದುಕೊಂಡಿಲ್ಲ. ಅಂಥವರಿಗೆ ಪ್ಯಾಶನ್ ಎಲ್ಲಿಂದ ಬರಬೇಕು? ಕಾಣದ ಊರಿನ ಮೇಲೆ ಪ್ರೀತಿ ಇದೆಯಾ ಅಂತ ಕೇಳಿದ ಹಾಗೆ. ಇಲ್ಲ ಅನ್ನೋ ಉತ್ತರ ಸಹಜ. ಆದರೆ ಆ ಉತ್ತರ ಕೊಟ್ಟವರು ತಮ್ಮಲ್ಲೇ ಏನೋ ಕೊರತೆ ಇದೆ ಅಂದುಕೊಂಡು ಹಿಂದಿನ ಬೆಂಚಿಗೆ ಹೋಗಿ ಕೂತುಬಿಡ್ತಾರೆ.

ನಮ್ಮಲ್ಲಿ ಕೆಲವರು ದಿನಾ ಭದ್ರಾವತಿಯಿಂದ ಬಸ್ಸಲ್ಲಿ ಬರೋರು. ಇಪ್ಪತ್ತು ಕಿಲೋಮೀಟರ್ ಹತ್ತಿರದ ದಾರಿ. ಆ ಊರಲ್ಲಿ ನಮ್ಮ ಅಜ್ಜಂದಿರ ಕಾಲಕ್ಕೆ ಈ ಪ್ರಶ್ನೆಯೇ ಇರಲಿಲ್ಲ. 1923ರಲ್ಲಿ ಮೈಸೂರು ಕಬ್ಬಿಣ ಕಾರ್ಖಾನೆ ಶುರುವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಮರದ ಇದ್ದಿಲು. 1936ರಲ್ಲಿ ಕಾಗದ ಕಾರ್ಖಾನೆ ಬಂತು. ಫಿಟ್ಟರ್, ಟರ್ನರ್, ಮೋಲ್ಡರ್, ಎಲೆಕ್ಟ್ರಿಷಿಯನ್, ಏನೇ ಕಲಿತರೂ ಅದಕ್ಕೆ ಜಾಗ ಇತ್ತು. ಕೆಲಸದ ಜತೆ ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ, ಹಬ್ಬಕ್ಕೆ ಬೋನಸ್ಸು. ಯಾಕೆ ಓದಬೇಕು ಅನ್ನೋದಕ್ಕೆ ಕಾರಣ ಮನೆಯಲ್ಲಿ ಯಾರೂ ಹೇಳಬೇಕಾಗಿರಲಿಲ್ಲ, ಕಿಟಕಿ ತೆಗೆದರೆ ಚಿಮಣಿ ಕಾಣ್ತಿತ್ತು.

ಆ ಕಾರಣ ಈಗ ಹೋಗಿದೆ. ವಿಐಎಸ್‌ಎಲ್ ಅಂತ ಹೆಸರು ಬದಲಾದ ಉಕ್ಕಿನ ಕಾರ್ಖಾನೆ 1998ರಲ್ಲಿ ಸೈಲ್ ಜತೆ ವಿಲೀನವಾಯಿತು. ಶತಮಾನೋತ್ಸವದ ತಿಂಗಳೇ, ಅಂದರೆ 2023ರ ಜನವರಿಯಲ್ಲಿ, ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಅದೇ ವರ್ಷ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು ನಿಜ, ಆದರೆ ಅದನ್ನು ನಂಬಿ ಮಗನನ್ನು ಮೆಕ್ಯಾನಿಕಲ್‌ಗೆ ಸೇರಿಸುವ ಧೈರ್ಯ ಯಾರಿಗೂ ಉಳಿದಿಲ್ಲ. ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಆದವು. ಕಾಗದನಗರ ಅನ್ನೋ ಹೆಸರು ಮಾತ್ರ ಉಳಿದಿದೆ.

ನಮ್ಮ ತಕರಾರು ಇಲ್ಲಿಂದ ಶುರು. ಭದ್ರಾವತಿಯಲ್ಲಿ ಸ್ವಯಂ ನಿವೃತ್ತಿ ತಗೊಂಡು ಕೂತಿರೋ ಅಪ್ಪಂದಿರೇ ಇವತ್ತು "ಸಿಎಸ್ ತಗೋ, ಬೆಂಗಳೂರಿಗೆ ಹೋಗು" ಅನ್ನೋದು. ಚಿಮಣಿ ಇದ್ದ ಜಾಗದಲ್ಲಿ ಈಗ ಎಲೆಕ್ಟ್ರಾನಿಕ್ ಸಿಟಿ ಬಂದಿದೆ ಅಷ್ಟೆ. ಓದೋದಕ್ಕೆ ಕಾರಣವನ್ನು ಆಗಲೂ ಹೊರಗಿನವರು ಕೊಟ್ಟಿದ್ದರು, ಈಗಲೂ ಹೊರಗಿನವರೇ ಕೊಡ್ತಿದ್ದಾರೆ. ಕಾರ್ಖಾನೆ ಕೊಟ್ಟ ಕಾರಣ ಕಾರ್ಖಾನೆ ಜತೆ ಹೋಯಿತು. ಐಟಿ ಕಂಪನಿ ಕೊಟ್ಟ ಕಾರಣ ಅದಕ್ಕಿಂತ ಗಟ್ಟಿ ಅಂತ ಯಾವ ಆಧಾರದ ಮೇಲೆ ನಂಬೋದು?

ಹಾಗಂತ ಸಂಬಳಕ್ಕೋಸ್ಕರ ಬ್ರ್ಯಾಂಚ್ ಆರಿಸೋದು ತಪ್ಪು ಅಂತ ನಾವು ಖಂಡಿತಾ ಹೇಳಲ್ಲ. ಎಜುಕೇಶನ್ ಲೋನ್ ಮಾಡಿ ಸೇರಿದವರಿಗೆ ಆ ಸಾಲ ತೀರಿಸೋದೂ ಒಂದು ಅರ್ಥವೇ, ತಂಗಿಯನ್ನು ಓದಿಸೋದೂ ಅರ್ಥವೇ. ದುಡ್ಡಿನ ಮಾತನ್ನು ಕೀಳಾಗಿ ನೋಡೋರು ಸಾಮಾನ್ಯವಾಗಿ ದುಡ್ಡು ಇರೋರು. ಆದರೆ ಒಂದು ವಿಷಯ: ಆ ಕಾರಣ ನಿಮ್ಮನ್ನು ಕಾಲೇಜಿನ ಗೇಟಿನ ತನಕ ತಂದು ಬಿಡುತ್ತೆ. ಮಧ್ಯಾಹ್ನ ಎರಡೂವರೆಗೆ, ಊಟ ಆದ ಮೇಲೆ, ಮೂರನೇ ಮಾಡ್ಯೂಲ್ ಅರ್ಥ ಆಗದೆ ಕೂತಾಗ ನಾಲ್ಕು ವರ್ಷದ ಆಚೆಗಿನ ಸಂಬಳ ನೆನಪಿಗೆ ಬರಲ್ಲ.

ಮೊದಲ ಸೆಮಿಸ್ಟರ್‌ನಲ್ಲಿ "ನಂಗೆ ಇಂಟ್ರೆಸ್ಟೇ ಇಲ್ಲ" ಅನ್ನೋರ ಜತೆ ನಮ್ಮ ಕನ್ನಡ ಸಂಘದವರು ಕೂತು ಮಾತಾಡಿದ್ದೇವೆ. ಅದರಲ್ಲಿ ಬಹಳಷ್ಟು ಜನ ಹೊಸನಗರ, ಸೊರಬ, ಶಿಕಾರಿಪುರದ ಕಡೆಯವರು, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಸ್ವಲ್ಪ ಕೆದಕಿದರೆ ಗೊತ್ತಾಗೋದು ಇದು: ಅವರಿಗೆ ಆಸಕ್ತಿ ಇಲ್ಲದೆ ಇರೋದಲ್ಲ, ಪಾಠ ಅರ್ಥ ಆಗ್ತಿಲ್ಲ. ಹತ್ತನೇ ತರಗತಿಯಲ್ಲಿ ರೋಧ, ವಿಭವಾಂತರ ಅಂತ ಚೆನ್ನಾಗಿ ಕಲಿತು ಲೆಕ್ಕ ಮಾಡಿದ ಹುಡುಗಿ ರೆಸಿಸ್ಟೆನ್ಸ್, ಪೊಟೆನ್ಷಿಯಲ್ ಡಿಫರೆನ್ಸ್ ಅನ್ನೋ ಪದಗಳನ್ನು ಹೊಸ ವಿಷಯ ಅಂತಲೇ ಬಾಯಿಪಾಠ ಮಾಡ್ತಿರ್ತಾಳೆ. ಗೊತ್ತಿರೋದನ್ನೇ ಗೊತ್ತಿಲ್ಲ ಅಂದುಕೊಂಡಿರ್ತಾಳೆ. ಪಿಯುಸಿಯ ಎರಡು ವರ್ಷ ಉರು ಹೊಡೆದು ದಾಟಿರುತ್ತೆ, ಇಲ್ಲಿ ಬಂದು ಸಿಕ್ಕಿಹಾಕಿಕೊಳ್ಳುತ್ತೆ. ಅರ್ಥ ಆಗದ ಯಾವ ವಿಷಯದ ಮೇಲೂ ಯಾರಿಗೂ ಆಸಕ್ತಿ ಹುಟ್ಟಲ್ಲ. ಅಂಥವರಿಗೆ ಮೋಟಿವೇಶನ್ ಭಾಷಣ ಕೊಟ್ಟರೆ ಹಸಿದವರಿಗೆ ಅಡುಗೆ ಪುಸ್ತಕ ಕೊಟ್ಟ ಹಾಗೆ. ಪಕ್ಕದಲ್ಲಿ ಕೂತು ಅದೇ ಪುಟವನ್ನು ಕನ್ನಡದಲ್ಲಿ ಬಿಡಿಸಿ ಹೇಳೋರು ಬೇಕು.

ಪ್ರಾದೇಶಿಕ ಭಾಷೆಗಳಲ್ಲೇ ಎಂಜಿನಿಯರಿಂಗ್ ಕಲಿಸಬಹುದು ಅಂತ ಎಐಸಿಟಿಇ 2021ರಲ್ಲೇ ಅನುಮತಿ ಕೊಟ್ಟಿದೆ. ಇಡೀ ಪದವಿ ಕನ್ನಡದಲ್ಲಿ ಬೇಕೋ ಬೇಡವೋ ಅನ್ನೋ ದೊಡ್ಡ ಚರ್ಚೆ ಇನ್ನೊಮ್ಮೆ ಮಾಡೋಣ. ಮೊದಲ ಆರು ವಾರ, ವಾರಕ್ಕೆ ಎರಡು ಗಂಟೆ, ಕನ್ನಡದಲ್ಲಿ ಪ್ರಶ್ನೆ ಕೇಳಬಹುದಾದ ಒಂದು ತರಗತಿ ಇಡಿ ಅಂತಷ್ಟೇ ಕಾಲೇಜನ್ನು ಕೇಳ್ತಿದ್ದೇವೆ. ಇಂಡಕ್ಷನ್‌ನ ಎರಡು ಭಾಷಣ ಕಡಿಮೆ ಮಾಡಿದರೆ ಸಮಯ ಸಿಗುತ್ತೆ.

ಆಸಕ್ತಿ ಹುಟ್ಟೋದು ಹೇಗೆ ಅನ್ನೋದಕ್ಕೆ ನಮ್ಮ ನಡುವಿನದೇ ಒಂದು ಉದಾಹರಣೆ. ಭದ್ರಾವತಿಯ ಗೆಳೆಯನೊಬ್ಬ ಸಿಎಸ್ ಸಿಗದೆ ಮೆಕ್ಯಾನಿಕಲ್‌ಗೆ ಬಂದವನು. ಎರಡು ಸೆಮಿಸ್ಟರ್ ಮುಖ ಸಿಂಡರಿಸಿಕೊಂಡೇ ಕಳೆದ. ಆಮೇಲೆ ಮೆಟೀರಿಯಲ್ ಲ್ಯಾಬ್‌ನಲ್ಲಿ ಎರಕದ ಕಬ್ಬಿಣದ ಒಂದು ತುಂಡನ್ನು ಎಮರಿ ಪೇಪರ್ ಮೇಲೆ ಉಜ್ಜೋ ಕೆಲಸ ಬಂತು. ಉಜ್ಜಿ, ಪೇಪರ್ ಬದಲಿಸಿ, ಮತ್ತೆ ಉಜ್ಜಿ, ಕನ್ನಡಿ ಹಾಗೆ ಆದ ಮೇಲೆ ಮೈಕ್ರೋಸ್ಕೋಪ್ ಅಡಿ ಇಟ್ಟರೆ ಬೂದು ಬಣ್ಣದ ನಡುವೆ ಕಪ್ಪು ಎಳೆಗಳು ಕಂಡವು. ಅದು ಗ್ರಾಫೈಟ್. ಆ ಎಳೆಗಳ ಗುಂಟವೇ ಬಿರುಕು ಓಡೋದು. ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ಫೌಂಡ್ರಿಯಲ್ಲಿ ಮೋಲ್ಡರ್ ಆಗಿದ್ದ ಅಜ್ಜ, "ಎರಕದ್ದು ಬಗ್ಗಲ್ಲ ಕಣೋ, ಒಡೆಯುತ್ತೆ. ಅದನ್ನ ನೋಡೋಕೆ ದುರ್ಬೀನು ಬೇಕಾ?" ಅಂದರಂತೆ. ಅವತ್ತು ರಾತ್ರಿ ಇಬ್ಬರೂ ಹನ್ನೊಂದರ ತನಕ ಮಾತಾಡಿದರು. ಅವನಿಗೆ ಪ್ಯಾಶನ್ ಬಂತು ಅಂತ ನಾವು ಹೇಳಲ್ಲ. ಮರುದಿನದಿಂದ ಮುಂದಿನ ಬೆಂಚಿಗೆ ಬಂದ, ಅಷ್ಟು ಗೊತ್ತು. ಎರಡು ಗಂಟೆ ಉಜ್ಜಿದ ಮೇಲೆ ಸಿಕ್ಕಿದ್ದು ಅದು, ಉಜ್ಜೋಕೆ ಮೊದಲೇ ಕೇಳಿದ್ದರೆ ಸಿಗುತ್ತಿರಲಿಲ್ಲ.

ಸೆಪ್ಟೆಂಬರ್ 15ಕ್ಕೆ ನಾವೆಲ್ಲ ಹಾರ ಹಾಕುವ ಸರ್ ಎಂ.ವಿ. ಅವರ ದಾರಿಯೂ ನೇರವಾಗಿ ಇರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮನೆಪಾಠ ಹೇಳಿಕೊಂಡು ಮೊದಲು ಬಿ.ಎ. ಮಾಡಿದರು, ಆಮೇಲೆ ಪುಣೆಗೆ ಹೋಗಿ ಎಂಜಿನಿಯರಿಂಗ್. ದಿವಾನಗಿರಿ ಬಿಟ್ಟ ಮೇಲೆ, ಅರವತ್ತು ದಾಟಿದ ವಯಸ್ಸಲ್ಲಿ, ನಷ್ಟದಲ್ಲಿದ್ದ ಭದ್ರಾವತಿ ಕಾರ್ಖಾನೆಯ ಅಧ್ಯಕ್ಷತೆ ವಹಿಸಿಕೊಂಡು ಅದನ್ನು ಎತ್ತಿ ನಿಲ್ಲಿಸಿದರು. ಆ ಕೆಲಸಕ್ಕೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಬೆಂಗಳೂರಿನಲ್ಲಿ ಯುವಕರಿಗೆ ಕಸುಬು ಕಲಿಸುವ ಸಂಸ್ಥೆ ತೆರೆಯೋಕೆ ಕೊಟ್ಟರು. ಈಗಿನ ಎಸ್‌ಜೆಪಿ ಅದೇ. ಭದ್ರಾವತಿಯ ಕಬ್ಬಿಣದಿಂದ ಬಂದ ದುಡ್ಡಲ್ಲಿ ಎಷ್ಟು ಜನ ಕಸುಬು ಕಲಿತರೋ! ಅವರ ಫೋಟೋ ಕೆಳಗೆ ಈ ವಿಷಯ ಬರೆದಿದ್ದನ್ನು ನಾವು ಎಲ್ಲೂ ನೋಡಿಲ್ಲ.

ಇನ್ನು ಈಗ ಆಪ್ಷನ್ ತುಂಬುತ್ತಿರುವವರಿಗೆ. ಸೀಟು ಹಂಚಿಕೆ ಆದ ಮೇಲೆ ಕೆಇಎ ನಾಲ್ಕು ಚಾಯ್ಸ್ ಕೊಡುತ್ತೆ: ತೃಪ್ತಿ ಇದೆ, ಸೇರ್ತೀನಿ, ಇದು ಇರಲಿ, ಇನ್ನೂ ಮೇಲಿನದು ಸಿಗುತ್ತಾ ನೋಡ್ತೀನಿ, ಇದು ಬೇಡ, ಮುಂದಿನ ಸುತ್ತಿಗೆ ಬರ್ತೀನಿ, ಯಾವುದೂ ಬೇಡ. ನೆಂಟರು ಕೇಳೋ ಪ್ರಶ್ನೆಗಿಂತ ಇದು ಎಷ್ಟೋ ವಾಸಿ, ಕನಿಷ್ಠ ತೃಪ್ತಿ ಇದೆಯಾ ಅಂತ ಕೇಳುತ್ತೆ. ಉತ್ತರಿಸೋ ಮೊದಲು ಆ ಬ್ರ್ಯಾಂಚಿನ ಮೂರನೇ ಸೆಮಿಸ್ಟರ್ ಸಿಲಬಸ್ ಒಂದು ಸಲ ತೆಗೆದು ನೋಡಿ, ವಿಟಿಯು ವೆಬ್‌ಸೈಟಿನಲ್ಲೇ ಇದೆ. ಯಾವುದು ಇಷ್ಟ ಅಂತ ನೋಡಬೇಡಿ, ಅದು ಈಗಲೇ ತಿಳಿಯಲ್ಲ. ಅರ್ಥ ಆಗದಿದ್ದರೂ ಇನ್ನೊಂದು ಗಂಟೆ ಯಾವುದರ ಜತೆ ಕೂರಬಲ್ಲೆ ಅಂತ ನೋಡಿ. ಸೇರಿದ ಮೇಲೂ ಒಗ್ಗಲಿಲ್ಲ ಅಂದರೆ ಮೊದಲ ವರ್ಷದ ನಂತರ ಬ್ರ್ಯಾಂಚ್ ಬದಲಿಸಲು ಅವಕಾಶ ಇದೆ. ಸೀಟು ಖಾಲಿ ಇರಬೇಕು, ಅಂಕವೂ ಇರಬೇಕು. ಅದನ್ನು ಕೇಳೋಕೆ ನಾಚಿಕೆ ಬೇಡ.

ಆಪ್ಷನ್ ಎಂಟ್ರಿ ಮುಗಿಯುವ ತನಕ ಸಂಜೆ ನಾಲ್ಕರಿಂದ ಐದೂವರೆವರೆಗೆ ಲೈಬ್ರರಿ ಪಕ್ಕದ ಕಟ್ಟೆ ಮೇಲೆ ನಮ್ಮವರು ಇಬ್ಬರು ಕೂತಿರ್ತಾರೆ, ಒಬ್ಬರು ಸರ್ಕ್ಯೂಟ್ ಬ್ರ್ಯಾಂಚಿನವರು, ಒಬ್ಬರು ಅಲ್ಲದವರು. ಲ್ಯಾಬ್ ನೋಡಬೇಕು ಅಂದರೆ ಮೇಷ್ಟ್ರನ್ನು ಕೇಳಿ ತೋರಿಸ್ತೀವಿ. ಅಪ್ಪ ಅಮ್ಮನನ್ನೂ ಕರ್ಕೊಂಡು ಬನ್ನಿ, ಪ್ರಶ್ನೆಗಳು ಅವರ ಹತ್ತಿರವೇ ಜಾಸ್ತಿ ಇರ್ತವೆ.